ಟ್ರೆಡ್‌ಮಿಲ್ ಹತ್ತುವ ಮುನ್ನ

ಹೃದಯ ಪರೀಕ್ಷೆಯ ಕೋಣೆಯ ಹೊರಗೆ ನನ್ನ ಪಕ್ಕದಲ್ಲಿ ಒಬ್ಬ ಗಂಡ, ಕೈಗೆ ಪ್ಲಾಸ್ಟರ್ ಹಾಕಿಸಿಕೊಂಡ ಅವನ ಹೆಂಡತಿ ಕೂತಿದ್ದರು. ಎದೆಗೆ ವೈರು ಅಂಟಿಸಿಕೊಂಡು ಟ್ರೆಡ್‌ಮಿಲ್ ಮೇಲೆ ಓಡುವ ಸರದಿ ಅವನದು.

“ನನಗೆ ಎದೆನೋವು ಯಾವಾಗ ಬರುತ್ತೆ ಅಂತ ಕೇಳಿದ್ರೆ, ಮೆಟ್ಟಿಲು ಹತ್ತುವಾಗ ಅನ್ನು,” ಅಂದ ಗಂಡ.

“ನಮ್ಮನೇಲಿ ಮೆಟ್ಟಿಲೆಲ್ಲಿದೆ? ನನಗೆ ಹೊಡೆಯುವಾಗ ಬರುತ್ತೆ ಅಂತೀನಿ.”

“ಮಲಗಿಸಿ ತೆಗೆದ ಇಸಿಜಿ ಸರಿಯಾಗೇ ಇತ್ತು ಕಣೇ.”

“ಮಲಗಿದ್ದಾಗ ನೀವು ದೇವರಂಥವರು.”

“ಹಲ್ಲು ಉದುರಿಸ್ತೀನಿ.”

“ವೈರು ಅಂಟಿಸಿದ ಮೇಲೆ ಉದುರಿಸಿ. ಓಡೋದೇ ಬೇಡ, ಇಸಿಜಿ ಗೆರೆ ತಾನಾಗೇ ಬದಲಾಗುತ್ತೆ.”

ಅವನು ಅವಳ ಪ್ಲಾಸ್ಟರ್ ಕೈ ಹಿಡಿದು ತಿರುಚಿದ.

ನರ್ಸ್ ಬಾಗಿಲು ತೆಗೆದು ಅವನನ್ನು ಕರೆದಳು. ಅವನು ಎದ್ದು ಕೇಳಿದ.

“ಸಿಸ್ಟರ್, ಓಡುವಾಗ ನೋವು ಬಂದ್ರೆ?”

“ಸಾಕು ಅನ್ನಿ. ತಕ್ಷಣ ನಿಲ್ಲಿಸ್ತೀವಿ.”

“ಕೇಳಿಸ್ತೇನ್ರೀ?” ಅಂದಳು ಹೆಂಡತಿ. “ಸಾಕು ಅಂದ ತಕ್ಷಣ ನಿಲ್ಲಿಸ್ತಾರಂತೆ.”

ಅವನು ತಿರುಗಿ ನೋಡದೆ ಒಳಗೆ ಹೋದ.