ಬಿಚ್ಚದ ಚೀಟಿ

ಅಲ್ಲ ಮಾರಾಯ್ತಿ, ಸಣ್ಣದು ಸಣ್ಣದು ಅಂತ ಮೂರು ವಾರದಿಂದ ಕೇಳಿ ಕೇಳಿ ನನ್ನ ಕಿವಿ ತೂತಾಯ್ತು... ಬಂಗುಡೆ ಸಣ್ಣದಾದರೆ ರೇಟು ಇಳಿಯುತ್ತದೆ. ತೆಂಗಿನಕಾಯಿ ಸಣ್ಣದಾದರೂ ಇಳಿಯುತ್ತದೆ. ನಿನ್ನ ಈ ಲ್ಯಾಪ್‌ಟಾಪ್ ಒಂದೇ, ಸಣ್ಣದಾದಷ್ಟೂ ರೇಟು ಏರುವುದು! ...ನಗು ಬರಲಿಲ್ಲವಾ? ಬೇರೆ ದಿನ ಆಗಿದ್ದರೆ ಹೊಟ್ಟೆ ಹಿಡಿದುಕೊಂಡು ನಗುತ್ತಿದ್ದವಳು ನೀನು. ಅಯ್ಯೋ, ಶುಕ್ರವಾರ ಬೆಳಿಗ್ಗೆ ದೇವರ ಎದುರು ಕೂತು ಬಂಗುಡೆಯ ಮಾತು ಬಂತಲ್ಲ ನನ್ನ ಬಾಯಲ್ಲಿ... ಅಮ್ಮಾ, ದುರ್ಗಾಪರಮೇಶ್ವರೀ, ತಪ್ಪಾಯ್ತು.

ಕೂತುಕೋ ಸೌಜನ್ಯಾ. ನಿಂತು ಎಂತಕ್ಕೆ ನೋಡುವುದು? ರಂಜನ್ ಏಳೂ ನಲವತ್ತರ ಫಾಸ್ಟ್ ರೈಲು ಹಿಡಿದಾಯ್ತು. ಮಾವ ಹಾಲು ತರಲಿಕ್ಕೆ ಹೋದವರು, ದಾರಿಯಲ್ಲಿ ಯಾರಾದರೂ ಊರಿನವರು ಸಿಕ್ಕಿದರೆ ಹತ್ತು ಗಂಟೆಯವರೆಗೆ ಬರುವ ಲೆಕ್ಕ ಇಲ್ಲ. ಮನೆಯಲ್ಲಿ ಅತ್ತೆ ಸೊಸೆ ನಾವಿಬ್ಬರೇ. ಬಾ, ಈ ದಾರದ ತುದಿ ಸ್ವಲ್ಪ ಹಿಡಿ, ಅಬ್ಬಲಿಗೆ ಹೂ ಕಟ್ಟಿ ಮುಗಿಸುತ್ತೇನೆ... ಆಗುವುದಿಲ್ಲವಾ? ಮುಷ್ಟಿ ಯಾಕೆ ಬಿಗಿ ಹಿಡಿದಿದ್ದೀ? ಕೈಗೆ ಎಂತ ಆಯ್ತು? ...ಸರಿ, ಬಿಡು. ಈ ಸ್ಟೂಲಿನ ಕಾಲಿಗೆ ಕಟ್ಟಿಕೊಳ್ಳುತ್ತೇನೆ.

ನನಗೆ ಎಂತದೂ ತಿಳಿಯುವುದಿಲ್ಲ ಅಂತ ಗ್ರಹಿಸಬೇಡ. ಆ ದಿನ ನಿನ್ನ ಜೊತೆ ಮಾಜಿವಾಡಾದ ಅಂಗಡಿಗೆ ನಾನೂ ಬಂದಿದ್ದೆನಲ್ಲ? ಆ ಹುಡುಗ ನನ್ನ ಕೈಗೇ ಕೊಟ್ಟ, 'ಆಂಟೀ, ಉಠಾಕೆ ತೋ ದೇಖೋ' ಅಂತ. ಎತ್ತಿ ನೋಡಿದೆ. ಒಂದು ಕಿಲೋ ಕೂಡ ಇಲ್ಲ! ನನ್ನ ಭಜನೆ ಪುಸ್ತಕದಷ್ಟೇ ತೂಕ. ಚಂದ ಉಂಟು. ದೇವರ ಎದುರು ಕೂತಿದ್ದೇನೆ, ಸುಳ್ಳು ಹೇಳುವುದಿಲ್ಲ, ಚಂದ ಉಂಟು. ಆದರೆ ಆ ಪರದೆ? ದೋಸೆಯ ತಟ್ಟೆಯಷ್ಟು. ದಿನಾ ಅದರಲ್ಲಿ ಕಣ್ಣು ನೆಟ್ಟರೆ ಮೂವತ್ತಕ್ಕೇ ಕನ್ನಡಕ ಬರುತ್ತದೆ. ಒತ್ತುವ ಅಕ್ಷರಗಳೆಲ್ಲ ಒಂದರ ಮೈಮೇಲೆ ಒಂದು. ಕೆಟ್ಟರೆ ಬಿಚ್ಚಲಿಕ್ಕೂ ಆಗುವುದಿಲ್ಲವಂತೆ, ಒಳಗೆ ಎಲ್ಲ ಅಂಟಿಸಿಯೇ ಇಟ್ಟಿರುತ್ತಾರಂತೆ. ನಾನು ಹೇಳಿದ್ದಲ್ಲ, ಆ ಹುಡುಗನೇ ಬಾಯಿಬಿಟ್ಟದ್ದು. ರಂಜನನ ಹಳೆಯದು ಉಂಟಲ್ಲ ಮನೆಯಲ್ಲಿ? ಭಾರ, ಒಪ್ಪಿದೆ. ಕಡೆಯುವ ಕಲ್ಲಿನಷ್ಟು ಭಾರ. ಪ್ಲಗ್ ತೆಗೆದರೆ ಹತ್ತು ನಿಮಿಷಕ್ಕೆ ಕಣ್ಣು ಮುಚ್ಚುತ್ತದೆ, ಅದೂ ಒಪ್ಪಿದೆ. ಮನೆಯಲ್ಲಿ ಕೂತು ಮಾಡುವ ಕೆಲಸಕ್ಕೆ ಅದು ಸಾಲದಾ?

...ಹೂಂ. ಮನೆಯಲ್ಲಿ ಕೂತು ಮಾಡುವ ಕೆಲಸ ಅಲ್ಲ. ಗೊತ್ತುಂಟು. ವಾಶಿಯ ಕಂಪನಿ. ಬೆಳಿಗ್ಗೆ ಮುಂಬ್ರಾದ ಶಾಲೆ, ಮಧ್ಯಾಹ್ನ ವಾಶಿಯ ಶಾಲೆ, ಮಕ್ಕಳಿಗೆ ಗಣಿತ ಹೇಳಿಕೊಡುವುದು. ಲ್ಯಾಪ್‌ಟಾಪ್ ನಮ್ಮದೇ ಇರಬೇಕು. ಡೊಂಬಿವಲಿಯ ರಶ್ಶಿನಲ್ಲಿ ಆ ಕಲ್ಲನ್ನು ಬೆನ್ನಿಗೆ ಹಾಕಿಕೊಂಡು ಲೇಡೀಸ್ ಡಬ್ಬಕ್ಕೆ ಹತ್ತಲಿಕ್ಕೆ ಆಗುವುದಿಲ್ಲ, ಸಣ್ಣದಾದರೆ ಟಿಫಿನ್ನಿನ ಜೊತೆ ಎದೆಗೆ ಅವುಚಿಕೊಂಡು ಹತ್ತಬಹುದು. ಎಲ್ಲ ಬಾಯಿಪಾಠ ಆಗಿದೆ ನನಗೆ. ಇವತ್ತು ಸಂಜೆಯ ಒಳಗೆ ಅವರಿಗೆ ಹೂಂ ಅಥವಾ ಊಹೂಂ ಹೇಳಬೇಕು, ಇಲ್ಲವಾದರೆ ಕೆಲಸ ಬೇರೆಯವರಿಗೆ. ಅದೂ ಗೊತ್ತುಂಟು.

ಆದರೆ ನಾನು ಬೇಡ ಅಂದೆನಾ? ಹೇಳು, ಒಂದು ಸಲವಾದರೂ ಅಂದೆನಾ? ಮಾವ 'ಜಯಲತಾ, ನೀನು ಹೇಳಿದ ಹಾಗೆ' ಅಂದರು. ರಂಜನ್ 'ಅಮ್ಮ ಹೇಳಿದ ಹಾಗೆ' ಅಂದ. ಗಂಡಸರಿಗೆ ಅದು ಸುಲಭ, ಹೆಂಗಸರ ತಲೆಗೆ ಕಟ್ಟಿ ರೈಲು ಹತ್ತುವುದು. ನಾನು ಯಾರ ತಲೆಗೆ ಕಟ್ಟಲಿ? ದೇವರ ಮೇಲೆ ಹಾಕಿದೆ. ನಮ್ಮ ತವರಿನ ಕ್ರಮ ಅದು. ಒಂದು ಚೀಟಿಯಲ್ಲಿ ಬೇಕು, ಒಂದರಲ್ಲಿ ಬೇಡ. ಎರಡನ್ನೂ ಒಂದೇ ಹಾಗೆ ಮಡಚಿ, ಬಟ್ಟಲಿಗೆ ಹಾಕಿ, ದೀಪ ಹಚ್ಚಿ, ಅಮ್ಮನ ಎದುರು ಇಡುವುದು. ಪ್ರಶ್ನೆ ಯಾರದ್ದೋ ಅವರೇ ಎತ್ತಬೇಕು. ಮಂಗಳವಾರ ಎತ್ತಿದ್ದು ಯಾರು? ನೀನು! ನಿನ್ನದೇ ಕೈ! ನಾನು ಬಟ್ಟಲು ಕೂಡ ಮುಟ್ಟಲಿಲ್ಲ. ಓದಿದ್ದೂ ನೀನೇ, 'ಬೇ...ಡ' ಅಂತ. ಮತ್ತೆ ನನ್ನ ಮೇಲೆ ಸಿಟ್ಟು ಎಂತಕ್ಕೆ?

ಇನ್ನೊಂದನ್ನಾ? ಇನ್ನೊಂದನ್ನು ಬಿಚ್ಚುವ ಕ್ರಮ ಇಲ್ಲ ಮಗಾ. ಬಿಚ್ಚದೆ ನೀರಿಗೆ ಬಿಡಬೇಕು. ದೇವರು ಹೇಳದೆ ಉಳಿಸಿದ ಮಾತನ್ನು ಮನುಷ್ಯರು ಓದಬಾರದು ಅಂತ ನನ್ನ ಅಪ್ಪ ಹೇಳುತ್ತಿದ್ದರು.

ನೀನು ಆ ಎರಡು ಅಕ್ಷರ ಓದಿದ್ದು ಕೇಳಿ ನನಗೆ ಒಂದು ಗಳಿಗೆ... ಬೇಜಾರಿನಲ್ಲಿಯೂ ಖುಷಿ ಆಯ್ತು, ಗೊತ್ತುಂಟಾ? ಇಲ್ಲೇ ಮುಂಬಯಿಯ ಕಲ್ಯಾಣದಲ್ಲಿ ಹುಟ್ಟಿ ಬೆಳೆದ, ಕನ್ನಡ ಅಕ್ಷರ ಕಾಣದ ಹುಡುಗಿ. ಮದುವೆಯಾಗಿ ಬಂದಾಗ ಭಜನೆ ಪುಸ್ತಕವನ್ನು ತಲೆಕೆಳಗೆ ಹಿಡಿದಿದ್ದೆ ನೀನು! ಮಂಡಳಿಯ ಹೆಂಗಸರೆಲ್ಲ ಸೆರಗಿನಲ್ಲಿ ಬಾಯಿ ಮುಚ್ಚಿಕೊಂಡು ನಕ್ಕರು. ನಾನು ನಗಲಿಲ್ಲ. ಮಾರನೆಯ ದಿನವೇ ಈ ನೆಲದ ಮೇಲೆ ಅಕ್ಕಿಹಿಟ್ಟು ಹರಡಿ ನಿನ್ನ ಬೆರಳು ಹಿಡಿದೆ. ಅ, ಆ, ಇ, ಈ... 'ಮಾಮಿ, ಯೇ ತೋ ಜಿಲೇಬಿ ಹೈ' ಅಂದೆಯಲ್ಲ! ಆರು ತಿಂಗಳಲ್ಲಿ ದೇವಿಯ ಹಾಡು ಇಡೀ ಓದಿದೆ. ಆ ದಿನ ಮಾವ ಹೇಳಿದರು, 'ಜಯಲತಾ, ನೀನು ಟೀಚರ್ ಆಗಬೇಕಿತ್ತು' ಅಂತ. ನಗುತ್ತಾ ಹೇಳಿದರು. ನಾನೂ ನಕ್ಕೆ.

...ಏನಿಲ್ಲ. ಹೊಗೆ, ಊದುಬತ್ತಿಯದು. ಕಣ್ಣಿಗೆ ಹೋಯಿತು.

ಹೇಳುತ್ತೇನೆ ಕೇಳು, ಹೇಳದೆ ನಿನಗೆ ಸಮಾಧಾನ ಆಗುವ ಹಾಗೆ ಕಾಣುವುದಿಲ್ಲ. ನನಗೂ ಒಂದು ಚೀಟಿ ಬಂದಿತ್ತು. ಪಿಯುಸಿಯಲ್ಲಿ ಫಸ್ಟ್ ಕ್ಲಾಸು, ಉಡುಪಿಯಲ್ಲಿ ಟೀಚರ್ ಟ್ರೈನಿಂಗಿಗೆ ಸೀಟು. ಕಾಗದ ಬಂದ ದಿನ ನಾನು ಅಂಗಳದ ತುಂಬ ಓಡಿದೆ, ನಾಯಿ ಕೂಡ ಹೆದರಿತು. ಆಗಲೇ ಮುಂಬಯಿಯ ಠಾಣೆಯಿಂದ ನಿನ್ನ ಮಾವನ ಸಂಬಂಧ ಬಂದಿತ್ತು, ಕ್ಯಾಂಟೀನಿನಲ್ಲಿ ಮ್ಯಾನೇಜರು, ಒಳ್ಳೆಯ ಜನ ಅಂತ. ಅಪ್ಪ ಎರಡು ದಿನ ಮಾತಾಡಲಿಲ್ಲ. ಮೂರನೆಯ ದಿನ ದೀಪ ಹಚ್ಚಿ ಕರೆದರು, 'ಜಯಲತಾ, ನಾನು ಹೇಳುವುದಿಲ್ಲ, ಅಮ್ಮ ಹೇಳಲಿ. ನೀನೇ ಎತ್ತು.' ಎತ್ತಿದೆ. ಬೇಡ ಅಂತ ಬಂತು. ಇನ್ನೊಂದನ್ನು ಅಪ್ಪ ಆ ದೀಪಕ್ಕೇ ಹಿಡಿದು ಸುಟ್ಟರು, ಬೆರಳಿನ ತುದಿ ಸುಟ್ಟುಕೊಂಡರು ಪಾಪ. ಆಮೇಲೆ ಮೂರು ದಿನ ಅವರು ನನ್ನ ಮುಖ ನೋಡಲಿಲ್ಲ. ಅವರಿಗೂ ದುಃಖವೇ ಅಲ್ಲವಾ?

ನಾನು ಅತ್ತೆನಾ? ಗಲಾಟೆ ಮಾಡಿದೆನಾ? ಅಮ್ಮನ ಮಾತು ಅಂತ ತಲೆಯಲ್ಲಿ ಹೊತ್ತುಕೊಂಡು ಈ ಡೊಂಬಿವಲಿಗೆ ಬಂದೆ. ಮೂವತ್ತೆಂಟು ವರ್ಷ. ಒಂದು ದಿನ ಅವಳನ್ನು ಯಾಕೆ ಅಂತ ಕೇಳಿದವಳಲ್ಲ. ನಂಬಿಕೆ ಅಂದರೆ ಅದು ಮಗಾ. ಕೊಟ್ಟಾಗ ಕೈ ಮುಗಿಯುವುದು ಯಾರಿಗೂ ಬರುತ್ತದೆ, ಕಸಿದುಕೊಂಡಾಗ ಮುಗಿಯಬೇಕು. ನಿನಗೆ ಹೋದದ್ದು ಎಂತ? ಒಂದು ಕಿಲೋದ ಡಬ್ಬಿ.

...ಹಾಗೆ ನೋಡಬೇಡ. ಹೂ ಕೊಡು. ಅಲ್ಲಿ ತಟ್ಟೆಯಲ್ಲಿ ಇರುವುದು... ಮತ್ತೆ ಆ ನಿರ್ಮಾಲ್ಯದ ಚೀಲ ಎಲ್ಲಿ? ಬಾಗಿಲ ಹಿಂದೆ ಮೊಳೆಗೆ ಹಾಕಿದ್ದೆನಲ್ಲ? ವಾರದ ಒಣಗಿದ ಹೂವೆಲ್ಲ ಅದರಲ್ಲೇ ಉಂಟು. ಇವತ್ತು ನಾನೇ ಖಾಡಿಯ ಹಿನ್ನೀರಿಗೆ ಬಿಟ್ಟು ಬರುತ್ತೇನೆ ಅಂತ...

ನೀನು ತೆಗೆದೆಯಾ?

ತುಳಸಿಯ ಬುಡಕ್ಕಾ... ಗೊಬ್ಬರ ಆಗಲಿ ಅಂತ? ಎಲ್ಲ ಸುರಿದೆಯಾ? ಯಾರು ಹೇಳಿದರು ನಿನಗೆ! ಯಾವತ್ತೂ ಇಲ್ಲದ್ದು ಇವತ್ತು... ಅಲ್ಲ, ತಪ್ಪಲ್ಲ, ತಪ್ಪು ಅಂತ ನಾನು ಹೇಳಲಿಲ್ಲ. ತುಳಸಿಗೆ ಒಳ್ಳೆಯದೇ. ಚೀಟಿ ಬಿದ್ದಿತ್ತಾ ಅದರಲ್ಲಿ? ಬಿದ್ದಿರಬೇಕು. ಮಂಗಳವಾರ ಅದನ್ನು ಬೇರೆ ತೆಗೆದಿಡಬೇಕು ಅನ್ನುವಾಗಲೇ ಬೆಲ್ ಆಯ್ತಲ್ಲ, ಸೊಸೈಟಿಯ ದ್ರೌಪದಿಬಾಯಿ, ನೀರಿನ ಟ್ಯಾಂಕಿನ ಪುರಾಣ ಹಿಡಿದುಕೊಂಡು! ಗಡಿಬಿಡಿಯಲ್ಲಿ ಹೂವಿನ ಜೊತೆ ಹೋಗಿದೆ. ಇರಲಿ. ಮಣ್ಣಿಗೆ ಬಿದ್ದರೂ ನೀರಿಗೆ ಬಿದ್ದ ಹಾಗೇ. ಹೋಗು, ಕೈ ತೊಳೆದು ಬಾ. ಬೆರಳೆಲ್ಲ ಮಣ್ಣು ನೋಡು ನಿಂದು...

ಬೇಡ. ಮುಷ್ಟಿ ಬಿಚ್ಚಬೇಡ ಸೌಜನ್ಯಾ. ನಾನು ಹೇಳುತ್ತಿದ್ದೇನೆ, ಕ್ರಮ ಅಲ್ಲ ಅದು, ದೇವರ ಎದುರು... ಸೌಜನ್ಯಾ!

...

ಕುಂಕುಮ ಹತ್ತಿ ಕೆಂಪಾಗಿದೆ. ಅಕ್ಷರ ಹೋಗಲಿಲ್ಲ. ನನ್ನ ಅಕ್ಷರ ದುಂಡು, ಹೋಗುವುದಿಲ್ಲ... ಓದಿದೆಯಾ?

ಓದದೆ ಇರುತ್ತೀಯಾ. ನಾನೇ ಕಲಿಸಿದ್ದಲ್ಲವಾ. ಆ ಚೀಟಿ ಬೇರೆ ಯಾವ ಸೊಸೆಯ ಕೈಗೆ ಸಿಕ್ಕಿದ್ದರೂ ಜಿಲೇಬಿ ಅಂತ ಬಿಸಾಡುತ್ತಿದ್ದಳು.

ಹೌದು. ಬರೆದೆ. ಇದರಲ್ಲಿಯೂ ಬೇಡ, ಅದರಲ್ಲಿಯೂ ಬೇಡ. ಏನಾದರೂ ಹೇಳು. ಬೈ. ನಿನ್ನ ಹಿಂದಿಯಲ್ಲೇ ಬೈ, ನನಗೆ ಅರ್ಥ ಆಗುತ್ತದೆ... ರೈಲಿನ ಹೆದರಿಕೆ ಕಣೆ. ದಿವಾ ಸ್ಟೇಶನ್ನಿನಲ್ಲಿ ಆ ಹೆಂಗಸರು ತಳ್ಳುವುದು, ನೀನು ಬಾಗಿಲಲ್ಲಿ ನೇತಾಡುವುದು, ನನಗೆ ನಿದ್ದೆಯಲ್ಲಿಯೂ... ಅಲ್ಲ ಅಂತೀಯಾ? ರಂಜನ್ ದಿನಾ ನೇತಾಡಿಕೊಂಡೇ ಹೋಗುತ್ತಾನೆ, ಅವನಿಗೆ ಯಾಕೆ ಚೀಟಿ ಹಾಕಲಿಲ್ಲ ಅಂತ ಕಣ್ಣಲ್ಲೇ ಕೇಳುತ್ತೀ ಅಲ್ಲವಾ? ಸರಿ. ರೈಲು ಅಲ್ಲ. ಮನೆ ಕೆಲಸವೂ ಅಲ್ಲ, ಇಷ್ಟು ವರ್ಷ ನಾನೊಬ್ಬಳೇ ಮಾಡಿದ್ದೇನೆ, ಇನ್ನೂ ಮಾಡಿಯೇನು. ಪರದೆಯೂ ಅಲ್ಲ, ರೇಟೂ ಅಲ್ಲ.

ಆ ಅಂಗಡಿಯಲ್ಲಿ... ನಾನು ಅದನ್ನು ಎತ್ತಿ ಹಿಡಿದಾಗ, ನೀನು ಆ ಹುಡುಗನಿಗೆ ಹೇಳಿದೆ, 'ಮೈ ಟೀಚರ್ ಹೂಂ' ಅಂತ. ಇನ್ನೂ ಆಗಿರಲಿಲ್ಲ ನೀನು. ಆದರೂ ಹೇಳಿದೆ. ಎಷ್ಟು ಸುಲಭದಲ್ಲಿ ಹೇಳಿದೆ! ನನ್ನ ಎದೆಗೆ ಯಾರೋ ಒನಕೆಯಲ್ಲಿ ಕುಟ್ಟಿದ ಹಾಗಾಯ್ತು. ನನಗೆ ಅಮ್ಮ ಕೊಡದ್ದು ಇವಳಿಗೆ ಯಾಕೆ... ಅದೇ ಮನೆಗೆ ಬಂದ ಹುಡುಗಿಗೆ, ಅದೇ ದೀಪದ ಎದುರು, ನಾನೇ ನೋಡುತ್ತಾ ಕೂತಿರಬೇಕು, ಯಾಕೆ? ಅಷ್ಟೇ. ಅಷ್ಟೇ ಮಗಾ. ಭಜನೆ ಮಂಡಳಿಯ ಜಯಲತಕ್ಕನ ಹೊಟ್ಟೆಯೊಳಗೆ ಇದ್ದದ್ದು ಅಷ್ಟೇ. ಒಬ್ಬಳೇ ಒಬ್ಬಳು ವಿದ್ಯಾರ್ಥಿ ಸಿಕ್ಕಿದ್ದಳು ನನಗೆ ಈ ಜನ್ಮದಲ್ಲಿ. ಅವಳಿಗೇ...

ಹೇಳುತ್ತೇನೆ, ಇವತ್ತೇ ಹೇಳುತ್ತೇನೆ. ರಂಜನನಿಗೆ ನಾನೇ ಫೋನು ಮಾಡುತ್ತೇನೆ. ಆ ಸಣ್ಣದೇ ತೆಗೆದುಕೋ. ಸಂಜೆ ಆಗುವುದು ಬೇಡ, ಈಗಲೇ ಅವರಿಗೆ ಹೂಂ ಅನ್ನು. ಮೂರು ದಿನದಿಂದ ನಿನ್ನ ಮುಖ ನೋಡಲಿಕ್ಕೆ ಆಗದೆ ನಾನು... ಗೋಡೆ ನೋಡಿ ಅನ್ನ ಬಡಿಸಿದ್ದೇನೆ.

...

ಎಂತ? ನಾನು ಎಂತ ಹೇಳಿದೆ ಈಗ? ಯಾಕೆ ಹಾಗೆ ಥಟ್ಟನೆ ತಲೆ ಎತ್ತಿದೆ?

ಮೂರು ದಿನ... ಹೌದು, ಮೂರು ದಿನ ಅಂದೆ. ಅದರಲ್ಲಿ ಎಂತ? ದೀಪವನ್ನು ಯಾಕೆ ನೋಡುತ್ತೀ? ನನ್ನನ್ನು ನೋಡು ಸೌಜನ್ಯಾ, ದೀಪವನ್ನು ನೋಡಬೇಡ...

ಇಲ್ಲ. ಇಲ್ಲ ಇಲ್ಲ. ಅಪ್ಪನೂ ಮೂರು ದಿನ ನನ್ನ ಮುಖ ನೋಡಲಿಲ್ಲ, ಹೌದು... ಆದರೆ ಎರಡರಲ್ಲಿಯೂ ಒಂದೇ ಬರೆದು... ಅಪ್ಪ ಹಾಗೆ ಮಾಡುವವರಲ್ಲ. ದಿನಾ ಮಿಂದು, ದೇವರಿಗೆ ಹೂ ಇಡದೆ ನೀರು ಕುಡಿದವರಲ್ಲ. ಊರಿನಲ್ಲಿ ಯಾರನ್ನು ಬೇಕಾದರೂ ಕೇಳು. ...ನನ್ನನ್ನೂ ಈ ಬಿಲ್ಡಿಂಗಿನಲ್ಲಿ ಯಾರನ್ನು ಬೇಕಾದರೂ ಕೇಳು, ಹಾಗೆ ಮಾಡುವವಳಲ್ಲ ಅಂತಾರೆ.

ನೀರಿಗೆ ಬಿಡುವ ಚೀಟಿ ಅದು. ಬಾವಿ ಹತ್ತು ಹೆಜ್ಜೆ ದೂರದಲ್ಲಿತ್ತು. ಸುಡುವ ಕ್ರಮ ನಮ್ಮಲ್ಲಿ ಇಲ್ಲ... ಇಷ್ಟು ವರ್ಷ ನನಗೆ ಹೊಳೆಯಲೇ ಇಲ್ಲ ನೋಡು. ಬೆರಳು ಸುಟ್ಟರೂ ಬಿಡಲಿಲ್ಲ. ಪೂರ್ತಿ ಬೂದಿ ಆಗುವವರೆಗೆ ಹಿಡಿದುಕೊಂಡೇ ನಿಂತಿದ್ದರು.

ಅಮ್ಮಾ... ನೀನು ಬೇಡ ಅಂದೇ ಇರಲಿಲ್ಲವಾ? ಸೌಜನ್ಯಾ, ನಾನು ಆಗ ಸುಳ್ಳು ಹೇಳಿದೆ, ಇವಳನ್ನು ಒಂದು ದಿನವೂ ಕೇಳಿದವಳಲ್ಲ ಅಂತ. ಪ್ರತಿ ಶುಕ್ರವಾರ ಕೇಳಿದ್ದೇನೆ. ಹೂ ಮುಡಿಸುವುದು, ಆರತಿ ಎತ್ತುವುದು, ಒಳಗೊಳಗೆ ಬೈಯುವುದು... ನನ್ನ ಬಾಯಿಂದ ಕಸಿದೆಯಲ್ಲ ನೀನು ಅಂತ. ಮೂವತ್ತೆಂಟು ವರ್ಷ ಬೈಸಿಕೊಂಡು ಸುಮ್ಮನೆ ಕೂತಿದ್ದಳು ಇವಳು. ಒಂದು ಮಾತೂ ಆಡದೆ ಕೂತಿದ್ದಳು, ಈಗ ನೀನು ಕೂತ ಹಾಗೇ...

ಕಣ್ಣು ಒರೆಸಬೇಡ, ಬಿಡು, ನಿನ್ನ ಕೈಯೆಲ್ಲ ಮಣ್ಣು. ಹತ್ತಿರ ಬಾ. ಸುಮ್ಮನಿರಬೇಡ ಮಗಾ. ನೀನೀಗ ಓದಲಿಕ್ಕೆ ಬರುವವಳು. ಹೇಳು... ಆ ಬೂದಿಯಲ್ಲಿ ಎಂತ ಬರೆದಿತ್ತು?