ಶಾರ್ಜಾದಿಂದ ತೆರೆದಿಟ್ಟ ಬಳೆ ಅಂಗಡಿ

ಹೆಸರು: ಆಸ್ಯಾ, ಗಂಡ ದಿವಂಗತ ಇದ್ರೀಸ್. ಪ್ರಾಯ: 47 ವರ್ಷ. ಉದ್ಯೋಗ: ವ್ಯಾಪಾರ (ಮೊದಲು ‘ಗೃಹಿಣಿ’ ಎಂದು ಬರೆದದ್ದನ್ನು ನನ್ನ ಆಕ್ಷೇಪದ ಮೇರೆಗೆ ಹೊಡೆದು ತಿದ್ದಲಾಗಿದೆ). ವಾಸ: ಮಸೀದಿ ರಸ್ತೆ, ಕಾಪು, ಉಡುಪಿ ತಾಲೂಕು.

ಠಾಣೆಗೆ ಸ್ವತಃ ಹಾಜರಾಗಿ ಈ ಮೂಲಕ ತಿಳಿಸುವುದೇನೆಂದರೆ, ಕಾಪು ಬಸ್ ನಿಲ್ದಾಣದ ಎದುರಿನ ಬಳೆ ಮತ್ತು ಫ್ಯಾನ್ಸಿ ಅಂಗಡಿಯನ್ನು ಗಂಡ ತೀರಿಹೋದ ಮೇಲೆ ನಾನೇ ನಡೆಸುತ್ತಿದ್ದೇನೆ. ಬಾಡಿಗೆ ಕರಾರು ನನ್ನ ಹೆಸರಿನಲ್ಲಿದೆ. 2005ರ ಜೂನ್ ತಿಂಗಳಲ್ಲಿ ಮಗಳು ನೌಶೀನಳ ಬಾಣಂತನಕ್ಕೆಂದು ಶಾರ್ಜಾಕ್ಕೆ ಹೋದೆನು. ಮಗು ದಿನ ತುಂಬುವ ಮೊದಲೇ ಹುಟ್ಟಿದ್ದರಿಂದ ಮೂರು ತಿಂಗಳಿಗೆಂದು ಹೋದವಳು ಎಂಟು ತಿಂಗಳು ಉಳಿಯಬೇಕಾಯಿತು. ಹಾಗೆಂದು ಅಂಗಡಿಯನ್ನು ಮುಚ್ಚಲಿಲ್ಲ.

ಅಂಗಡಿಯಲ್ಲಿ ಕೆಲಸಕ್ಕಿರುವ ಭಾಗವ್ವ ಬಾದಾಮಿ ಕಡೆಯವಳು. ಅವಳಿಗೆ ತುಳು, ಬ್ಯಾರಿ ಭಾಷೆ ಬಾರದು. ನಮ್ಮ ಹೆಂಗಸರಿಗೆ ತಮ್ಮ ಭಾಷೆಯಲ್ಲಿ ಚೌಕಾಶಿ ಮಾಡದೆ ಬಳೆ ಕೈಗೆ ಏರುವುದಿಲ್ಲ. ಆದ್ದರಿಂದ ಗಲ್ಲೆಯ ಮೇಲೆ ಸ್ಪೀಕರ್ ಇರುವ ಫೋನ್ ಇಡಿಸಿ, ದಿನಾ ಸಂಜೆ ನಾಲ್ಕಕ್ಕೆ ನಾನೇ ಶಾರ್ಜಾದಿಂದ ಕರೆ ಮಾಡಿ ಗಿರಾಕಿಗಳೊಡನೆ ಮಾತಾಡುತ್ತಿದ್ದೆನು. ಶಿರ್ವದ ಬೇಬಿ ಬಾಯಿ ಎಂಬ ಗಿರಾಕಿ ಫೋನಿನಲ್ಲಿ ಮಾಡಿದಷ್ಟು ಜಗಳವನ್ನು ನಾನು ಎದುರಿಗಿದ್ದಾಗಲೂ ಮಾಡಿದವರಲ್ಲ.

ದಿನಾಂಕ 16-2-2006ರಂದು ಸಂಜೆ ಸುಮಾರು 4.20ಕ್ಕೆ ಭಾಗವ್ವ ಬಾಗಿಲ ಬಳಿ ಒಬ್ಬರಿಗೆ ಬಳೆ ತೊಡಿಸುತ್ತಿದ್ದಳು. ಫೋನ್ ಚಾಲೂ ಇತ್ತು. ಆಗ ನನ್ನ ಮೈದುನ ಶಿಹಾಬ್ ಯಾರನ್ನೋ ಕರೆದುಕೊಂಡು ಒಳಗೆ ಬಂದು, ಭಾಗವ್ವನಿಗೆ ತಿಳಿಯದೆಂಬ ಧೈರ್ಯದಲ್ಲಿ ಬ್ಯಾರಿಯಲ್ಲಿ ಗಟ್ಟಿಯಾಗಿಯೇ, ಅತ್ತಿಗೆ ಇನ್ನು ಊರಿಗೆ ಬರುವವಳಲ್ಲವೆಂದೂ, ಅಂಗಡಿ ಕುಟುಂಬದ್ದೆಂದೂ, ತಿಂಗಳೊಳಗೆ ಇಲ್ಲಿ ಮೊಬೈಲ್ ಅಂಗಡಿ ಹಾಕಬಹುದೆಂದೂ ಹೇಳಿದನು. ಅವನು ನಿಂತದ್ದು ಫೋನಿನ ಪಕ್ಕದಲ್ಲೇ. ನಾನು, “ಶಿಹಾಬ್, ನಾನು ಅಂಗಡಿಯಲ್ಲೇ ಇದ್ದೇನೆ ಮಾರಾಯ. ನಿನಗೆ ಎಂತ ಬೇಕಿತ್ತು?” ಎಂದು ಕೇಳಿದೆನು. ಅವನು ವಯರು ಕಿತ್ತನು.

ಕೂಡಲೇ ಪಕ್ಕದ ವೆಲ್ಡಿಂಗ್ ಅಂಗಡಿಯ ಜೋಕಿಮ್ ಅವರಿಗೆ ಕರೆ ಮಾಡಿದೆನು. ಅವರ ಫೋನಿನಲ್ಲಿ ಭಾಗವ್ವ, “ಅಕ್ಕಾರ, ಕೀಲಿ ಕಸ್ಗೊಂಡು ಬ್ಯಾರೆ ಬೀಗ ಜಡದಾರ. ನಾ ಮನಿಗೆ ಹೋಗಂಗಿಲ್ಲ, ಇಲ್ಲೇ ಬಾಗ್ಲಾಗ ಕುಂತೀನಿ” ಎಂದಳು. ಬೀಗ ಕತ್ತರಿಸುವಂತೆ ನಾನು ಜೋಕಿಮ್ ಅವರಿಗೆ ಹೇಳಿದೆನು. ಪೊಲೀಸರು ಕೇಳಿದರೆ ಏನು ಹೇಳುವುದೆಂದು ಅವರು ವಿಚಾರಿಸಿದಾಗ, ನನ್ನ ಹೆಸರು ಹೇಳಲು ತಿಳಿಸಿದೆನು. ಗ್ರೈಂಡರಿನ ಸದ್ದು ನಿಲ್ಲುವವರೆಗೂ ಫೋನ್ ಇಡಲಿಲ್ಲ. ಆ ಸದ್ದು ಕೇಳಿ ನನಗೆ ಬಹಳ ಸಂತೋಷವಾಯಿತು. ಇದನ್ನೂ ಬರೆದುಕೊಳ್ಳಬೇಕಾಗಿ ಕೋರುತ್ತೇನೆ.

ಮರುದಿನ ಶಿಹಾಬ್, ಮುಚ್ಚಿದ್ದ ಅಂಗಡಿಗೆ ಭಾಗವ್ವ ಮತ್ತು ಜೋಕಿಮ್ ನುಗ್ಗಿ ಕಳವು ಮಾಡಿದರೆಂದು ದೂರು ಕೊಟ್ಟಿರುತ್ತಾನೆ. ವಿಷಯ ತಿಳಿದು ನಾನು ಇಂದು ಬೆಳಿಗ್ಗೆ ಊರಿಗೆ ಬಂದಿರುತ್ತೇನೆ. ಅಂಗಡಿಯಿಂದ ಒಂದು ಹೇರ್‌ಪಿನ್ ಕೂಡ ಹೋಗಿಲ್ಲ. ಮನೆಯ ವಿಷಯವನ್ನು ಮನೆಯಲ್ಲೇ ಮುಗಿಸಬಹುದಲ್ಲವೇ ಎಂದು ತಾವು ಕೇಳಿದಿರಿ. ಭಾಗವ್ವನನ್ನು ಕಳ್ಳಿ ಎಂದು ಬರೆಸಿದ್ದು ಮನೆಯಲ್ಲಿ ಅಲ್ಲ, ಠಾಣೆಯಲ್ಲಿ. ಅಳಿಸಬೇಕಾದದ್ದೂ ಇಲ್ಲೇ. ಬೀಗ ಒಡೆಸಿದವಳು ನಾನು. ಆರೋಪಿ ಬೇಕೇ ಬೇಕೆಂದಿದ್ದರೆ ನನ್ನ ಹೆಸರು ಬರೆಯಬಹುದು. ರಾಜಿಗೆ ನಾನು ಒಪ್ಪುವುದಿಲ್ಲ.

ಮಗುವನ್ನು ನೋಡಿಕೊಳ್ಳಲು ಬರುವ ಭಾನುವಾರ ನಾನು ಮತ್ತೆ ಶಾರ್ಜಾಕ್ಕೆ ಹೊರಡುವವಳಿದ್ದೇನೆ. ಆ ಮೇಲೂ ವಿಚಾರಣೆಗೆ ನಾನು ಬೇಕಾದಲ್ಲಿ, ದಿನಾ ಸಂಜೆ ನಾಲ್ಕಕ್ಕೆ ಅಂಗಡಿಯಲ್ಲಿ ಸಿಗುತ್ತೇನೆ.

ಬರೆದದ್ದನ್ನು ಓದಿಸಿ ಕೇಳಿದ್ದೇನೆ. ಎಲ್ಲವೂ ನಾನು ಹೇಳಿದಂತೆಯೇ ಇದೆ, ಹೇಳಿದ್ದೆಲ್ಲವೂ ಸತ್ಯ.

ಸ್ಥಳ: ಕಾಪು
ದಿನಾಂಕ: 21-2-2006
ಸಹಿ: ಆಸ್ಯಾ, ವ್ಯಾಪಾರ