ಹೊರಗ ಕುಂತ ಪಕ್ಷ

ಹಂಗಲ್ಲ, ತಪ್ಪು ನಂದಲ್ಲ, ಶಬ್ದದ್ದು. ತಡೀರಿ, ಶಬ್ದದ್ದೂ ಅಲ್ಲ, ನಂದೇ. ಮೊದ್ಲ ನೆಟ್ಟಗ ಕುಂತು ಕೇಳ್ರಿ, ಮೊಮ್ಮಕ್ಕಳ್ರಾ. ಇಂಗ್ಲಿಷ್ ಶಾಲ್ಯಾಗ ಕಲ್ತಾಂವ ಅಂತ ಆ ಉದಾರವಾದಿ ಪಕ್ಷದವ್ರು ನನ್ನ ತೊಗೊಂಡಿದ್ರು. ಅವ್ರ ಧುರೀಣರು ಇಂಗ್ಲಿಷ್‌ನ್ಯಾಗ ಭಾಷಣ ಮಾಡೂದು, ನಾ ಕನ್ನಡದಾಗ ಹೇಳೂದು. ನನ್ನ ಮೊದಲ್ನೇ ನೌಕರಿ. ನರೋಣಾ ಅನ್ನೂ ಹಳ್ಳ್ಯಾಗಿನ ಸಭಾ ಸರಿ ಹೋದ್ರ ಕಾಯಂ, ಇಲ್ಲಾಂದ್ರ ಮನಿ. ಆವಾಗ ದಿಲ್ಲ್ಯಾಗ ಕಿಚಡಿ ಸರ್ಕಾರ. ಈ ಪಕ್ಷದವ್ರು ನಾಕೇ ಮಂದಿ ಎಂಪಿ, ಮಂತ್ರಿಗಿರಿ ಬ್ಯಾಡ ಅಂದು ಹೊರಗಿನಿಂದ ಬೆಂಬಲ ಕೊಟ್ಟಿದ್ರು. ಅವ್ರು ಕೈ ತೆಗೆದ್ರ ಸರ್ಕಾರ ಬೀಳ್ತಿತ್ತು. ಧುರೀಣರು ಅದನ್ನೇ ಹೆಮ್ಮೀಲೆ ಹೇಳಿದ್ರು. ನಾ ಏನ್ ಮಾಡ್ದೆ, ಮಂದಿಗೆ ತಿಳೀಲಿ ಅಂತ ಸಾದಾ ಮಾಡಿ, "ನಮ್ಮ ಪಕ್ಷ ಸರ್ಕಾರದೊಳಗ ಇಲ್ಲ, ಹೊರಗ ಕುಂತದ" ಅಂದೆ. ಹೆಣ್ಮಕ್ಕಳ ಕಡೆ ನಗಿ ಸುರು ಆತು. ಶಿಸ್ತಿಲ್ಲ ಅಂದ್ಕೊಂಡೆ ನಾ. ಒಬ್ಬ ಮುದುಕಿ ಎದ್ದು ಭಾಳ ಕಾಳಜೀಲೆ ಕೇಳಿದ್ಳು, "ಯಪ್ಪಾ, ಎಷ್ಟನೇ ದಿನ?" ಬೆಂಬಲದ ಪತ್ರ ಕೊಟ್ಟು ಎಷ್ಟು ದಿನಾತು ಅಂತ ಕೇಳಾಕತ್ತಾಳ ಅಂತ ತಿಳ್ಕೊಂಡು, "ಇವತ್ತಿಗೆ ಮೂರನೇದಬೇ" ಅಂದೆ. "ಹಂಗಾದ್ರ ನಾಳೆ ತಲಿ ಮ್ಯಾಲ ನೀರು ಹಾಕ್ಕೊಂಡು ಒಳಗ ಬಾ ಅನ್ನು." ಇಡೀ ಸಭಾ ಬಿದ್ದು ಬಿದ್ದು ನಗಾಕತ್ತಿತು. ಆವಾಗ ತಲಿಗೆ ಹೊಳೀತು. ತಿಂಗಳಿಗೆ ಮೂರು ದಿನ ಹೆಂಗಸ್ರು ಹೊರಗ ಕೂಡೂ ಊರಾಗ ನಾ ಆಡಿದ ಮಾತಿಗೆ ಬ್ಯಾರೇನೇ ಅರ್ಥ. ಧುರೀಣರು ಏನಾತು ಅಂತ ಕೇಳಿದ್ರು, ಸುಳ್ಳು ಹೇಳೂ ರೂಢಿ ನಂದಲ್ಲ, ಅಕ್ಷರ ಬಿಡದ ಹೇಳ್ದೆ. ಅವ್ರು ಕೆಂಪಗಾಗಿ, ಇಂಥಾ ಪದ್ಧತಿ ನಮ್ಮ ಪಕ್ಷ ಒಪ್ಪಂಗಿಲ್ಲ, ಎಲ್ಲಾರಿಗೂ ಸ್ವಾತಂತ್ರ್ಯ ಅಂದ್ರು. ನಾನೂ ಹಂಗೇ ಗಟ್ಟಿಯಾಗಿ ಹೇಳ್ದೆ. ಮುದುಕಿ ಇನ್ನೂ ಕುಂತಿರಲಿಲ್ಲ. "ನಿನ್ನ ಹೇಣ್ತಿ ಎಲ್ಲಿ ಕೂಡ್ತಾಳೋ?" ಒಳಗ ಅಂದಿದ್ರ ನೌಕರಿ ಉಳೀತಿತ್ತು. ಖರೇ ಅಂದ್ರ ಅವತ್ತೇ ನಿಮ್ಮ ಆಯಿ ನಮ್ಮ ಹಿತ್ತಲ ಕಟ್ಟಿ ಮ್ಯಾಲ ಕುಂತಿದ್ಳು. "ಹೊರಗ" ಅಂದೆ.

ಧುರೀಣರಿಗೂ ಅದನ್ನೇ ಇಂಗ್ಲಿಷ್‌ನ್ಯಾಗ ಹೇಳ್ದೆ. ನೌಕರಿ ಹೋತು ಅನ್ನೂದನ್ನ ಅವ್ರು ಭಾಳ ಸಭ್ಯ ಇಂಗ್ಲಿಷ್‌ನ್ಯಾಗ ತಿಳಿಸಿದ್ರು. ಅದಕ್ಕ ಅನುವಾದ ಬೇಕಾಗಲಿಲ್ಲ. ಮನಿಗೆ ಬಂದು, ಒಳಗ ಬಾ ಅಂದೆ ನಿಮ್ಮ ಆಯಿಗೆ. "ನನಗ್ಯಾಕ ಹೇಳ್ತೀರಿ, ನಿಮ್ಮವ್ವಗ ಹೇಳ್ರಿ" ಅಂದ್ಳು. ನಮ್ಮವ್ವನ ಎದುರು ಬಾಯಿ ಬಿಡೂ ಧೈರ್ಯ ನನಗ ಆಗ ಇರಲಿಲ್ಲ, ಈಗ ಆಕಿ ಫೋಟೋದ ಮುಂದೂ ಇಲ್ಲ. ಗಂಗಾಳ ತೊಗೊಂಡು ಹೋಗಿ ನಿಮ್ಮ ಆಯಿ ಬಾಜೂಕ ಕುಂತು ಉಣ್ಣಾಕತ್ತೆ. ಅವ್ವ ಎರಡು ರೊಟ್ಟಿ ತನಕ ತಡಕೊಂಡ್ಳು. ಮೂರನೇದಕ್ಕ, "ಇಬ್ರೂ ಒಳಗ ಸಾಯ್ರಿ, ಮಂದಿ ನೋಡಾಕತ್ತಾರ" ಅಂದ್ಳು. ಅವ್ವನ ಸರ್ಕಾರ ಬಿತ್ತು.

ಹೊರಗಿನಿಂದ ಬೆಂಬಲ ಕೊಡೂದಿದ್ರ ಗಂಗಾಳ ತೊಗೊಂಡೇ ಹೋಗಬೇಕು ನೋಡ್ರಿ. ಏಳ್ರಿ, ಆಯಿ ಊಟಕ್ಕ ಕರ್ಯಾಕತ್ತಾಳ.